ಗಾಳಿಯಂತ್ರ ರಚನೆಯ ಮೂಲಕ ವಿದ್ಯಾರ್ಥಿಗಳಿಗೆ ಯಂತ್ರವಿನ್ಯಾಸ ಶಿಕ್ಷಣ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ರೈತರ ನಾಣ್ಣುಡಿ. ಕಣವನ್ನು ಎಲ್ಲಿ ಮಾಡಿದರೆ ಗಾಳಿ ತಡೆಯಿಲ್ಲದೆ ಬೀಸುವುದೆಂಬುದನ್ನು ಹಿರಿಯರು ಕಣ್ಣಿನಿಂದಲೇ ಅರಿತಿದ್ದರು. ಆ ಅರಿವಿಗೆ ಅಳತೆ, ಲೆಕ್ಕ, ಪರೀಕ್ಷೆಗಳನ್ನು ಕೂಡಿಸಿದರೆ ಯಂತ್ರವಿನ್ಯಾಸವೆಂಬ ವಿದ್ಯೆಯಾಗುವುದು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಲು ಸಣ್ಣ ಗಾಳಿಯಂತ್ರದ ರಚನೆಯು ತಕ್ಕ ಸಾಧನವಾಗಿದೆ. ಆದರೆ ಮೊದಲು ಅಳೆದು ಅನಂತರ ಕಟ್ಟತಕ್ಕದ್ದೆಂಬ ನಿಯಮವನ್ನು ಮೀರಿದಲ್ಲಿ ಹಣವೂ ಪಾಠವೂ ಎರಡೂ ವ್ಯರ್ಥವಾಗುವುವು.

ಈ ಬಗೆಯ ಶಿಕ್ಷಣವು ಹೊಸದಲ್ಲ. ಡೆನ್ಮಾರ್ಕ್ ದೇಶದ ಆಸ್ಕೋವ್ ಎಂಬ ಹಳ್ಳಿಯ ಜನತಾ ವಿದ್ಯಾಲಯದಲ್ಲಿ ಉಪಾಧ್ಯಾಯರಾಗಿದ್ದ ಪೌಲ್ ಲಾ ಕೂರ್ ಎಂಬವರು 1891ರಲ್ಲಿ ವಿದ್ಯುತ್ತನ್ನು ಉಂಟುಮಾಡುವ ಗಾಳಿಯಂತ್ರವೊಂದನ್ನು ಸ್ಥಾಪಿಸಿ, ರೆಕ್ಕೆಗಳ ಮಾದರಿಗಳನ್ನು ಪರೀಕ್ಷಿಸಿ, ಹಳ್ಳಿಯ ಯುವಕರಿಗೆ ವಿದ್ಯುತ್ ಕೆಲಸವನ್ನು ಕಲಿಸಿದರು. ಅವರ ಶಿಷ್ಯರಲ್ಲೊಬ್ಬರಾದ ಯೊಹಾನೆಸ್ ಯೂಲ್ ರಚಿಸಿದ 200 ಕಿಲೋವ್ಯಾಟಿನ ಯಂತ್ರವು 1957ರಲ್ಲಿ ಗೆಡ್ಸರ್ ಎಂಬಲ್ಲಿ ಕೆಲಸಮಾಡತೊಡಗಿತು. ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಲ್ಲಿ ಬಟ್ಟೆಯ ಹಾಯಿಗಳುಳ್ಳ, ನೀರೆತ್ತುವ ಅಲ್ಪವೆಚ್ಚದ ಗಾಳಿಯಂತ್ರವನ್ನು ರಚಿಸಿದರು.

ಗಾಳಿಯ ವೇಗವು ಇಮ್ಮಡಿಯಾದರೆ ಅದರ ಶಕ್ತಿಯು ಎಂಟುಮಡಿಯಾಗುವುದೆಂಬುದು ಇಲ್ಲಿ ಮುಖ್ಯವಾಗಿ ತಿಳಿಯತಕ್ಕ ಸಂಗತಿ. 2 ಮೀಟರು ವ್ಯಾಸದ ಚಕ್ರದ ಮೂಲಕ ಸೆಕೆಂಡಿಗೆ 3 ಮೀಟರು ವೇಗದ ಗಾಳಿ ಹಾದುಹೋದರೆ ಅದರಲ್ಲಿರುವ ಶಕ್ತಿಯು ಸುಮಾರು 47 ವ್ಯಾಟು. ವೇಗವು 6 ಮೀಟರಾದರೆ ಸುಮಾರು 373 ವ್ಯಾಟು. ಎಂತಹ ಯಂತ್ರವೇ ಆಗಲಿ ಇದರಲ್ಲಿ ನೂರಕ್ಕೆ 59 ಪಾಲಿಗಿಂತ ಹೆಚ್ಚು ಪಡೆಯಲಾರದು. ವಿದ್ಯಾರ್ಥಿಗಳ ಯಂತ್ರವು ಕಾಲುಭಾಗವನ್ನು ಪಡೆದರೂ ತೃಪ್ತಿಕರವೇ. ಅಂದರೆ ಮೊದಲನೆಯ ಸ್ಥಳದಲ್ಲಿ 12 ವ್ಯಾಟು, ಎರಡನೆಯದರಲ್ಲಿ 93 ವ್ಯಾಟು.

ಆದುದರಿಂದ ಒಂದೇ ಯಂತ್ರವು ನಾಲ್ಕು ತಾಲ್ಲೂಕುಗಳಿಗೂ ಸಮನಾಗಿ ಒಪ್ಪಲಾರದು. ಜಗಳೂರಿನ ಸೀಮೆಯು ಬಯಲು ಹಾಗೂ ಗುಡ್ಡಗಳ ಒಣಪ್ರದೇಶವಾದುದರಿಂದ ಗಾಳಿಗೆ ತಡೆ ಕಡಿಮೆ. ಚನ್ನಗಿರಿಯ ಅಡಿಕೆ ತೋಟಗಳ ನಡುವೆ, ಹೊನ್ನಾಳಿ ಮತ್ತು 2018ರಲ್ಲಿ ಅದರಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯ ಮರಗಳ ಮರೆಯಲ್ಲಿ, ಗಾಳಿಯು ಕುಗ್ಗಿ ಸುಳಿಯಾಗುವುದು. ಆದರೆ ಒಂದೇ ತಾಲ್ಲೂಕಿನಲ್ಲಿಯೂ ದಿಬ್ಬಕ್ಕೂ ತಗ್ಗಿಗೂ ಅಂತರವುಂಟು. ಕಾಲಭೇದವೂ ಉಂಟು: ಆಷಾಢದ ಗಾಳಿಯನ್ನು ಮಾತ್ರ ಅಳೆದು ಕಾರ್ತಿಕದ ದೀಪಕ್ಕೆ ಭರವಸೆ ಕೊಡಲಾಗದು.

ಪಾಠದ ಕ್ರಮವು ಹೀಗಿರಬೇಕು.

1. ಶಾಲೆಯ ಸಮೀಪದ ಎರಡು ಮೂರು ಸ್ಥಳಗಳಲ್ಲಿ ಗಾಳಿಮಾಪಕದಿಂದ ದಿನಕ್ಕೆ ಮೂರು ಬಾರಿ ವೇಗವನ್ನು ಅಳೆದು ಪುಸ್ತಕದಲ್ಲಿ ಬರೆಯಬೇಕು. ಒಂದು ವರ್ಷದ ಲೆಕ್ಕವಿದ್ದರೆ ಉತ್ತಮ.

2. ಯಂತ್ರದಿಂದ ಆಗಬೇಕಾದ ಕೆಲಸವನ್ನು ಮೊದಲೇ ಗೊತ್ತುಮಾಡಬೇಕು. ಒಂದು ದೀಪವೇ, 12 ವೋಲ್ಟಿನ ಬ್ಯಾಟರಿಯೇ ಎಂಬುದರ ಮೇಲೆ ಚಕ್ರದ ಅಳತೆ ನಿಲ್ಲುವುದು.

3. ಮರದಿಂದಲೋ ಪ್ಲಾಸ್ಟಿಕ್ ಕೊಳವೆಯಿಂದಲೋ ಚಿಕ್ಕ ರೆಕ್ಕೆಗಳನ್ನು ಮಾಡಿ, ವಿದ್ಯುತ್ ಪಂಖದ ಮುಂದೆ ಪರೀಕ್ಷಿಸಬೇಕು. ರೆಕ್ಕೆಗಳ ಸಂಖ್ಯೆ, ಓರೆ, ಉದ್ದ ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎರಡನ್ನೂ ಕೂಡಿ ಬದಲಾಯಿಸಿದರೆ ಫಲಕ್ಕೆ ಕಾರಣ ಯಾವುದೆಂದು ತಿಳಿಯದು.

4. ಫಲಿತಾಂಶವು ಲೆಕ್ಕಕ್ಕೆ ಹೊಂದದಿದ್ದಲ್ಲಿ ಕಾರಣವನ್ನು ಹುಡುಕಿ ಪುನಃ ರಚಿಸಬೇಕು. ಈ ಪುನರ್ರಚನೆಯೇ ವಿದ್ಯೆಯ ತಿರುಳು.

ದೊಡ್ಡ ಯಂತ್ರವನ್ನು ಕಂಬಕ್ಕೇರಿಸುವಾಗ, 300 ಅಡಿಗಳೊಳಗಿರುವ ಮರ, ಮನೆಗಳಿಗಿಂತ ಚಕ್ರವು 30 ಅಡಿ ಮೇಲಿರುವುದು ಒಳ್ಳೆಯದು. ಬಿಗಿತಂತಿ, ಚಕ್ರ ನಿಲ್ಲಿಸುವ ತಡೆ, ಕಂಬ ಬಿದ್ದರೂ ಯಾರಿಗೂ ತಗುಲದಷ್ಟು ಬಯಲು, ಇವು ಮೂರೂ ಇಲ್ಲದೆ ಏರಿಸಲಾಗದು. ಈ ಕೆಲಸದಲ್ಲಿ ಅನುಭವಿಗಳು ಮುಂದಿರಬೇಕೇ ಹೊರತು ಮಕ್ಕಳಲ್ಲ.

ಗ್ರಾಮದ ಮುಖಂಡರೂ ಜಮೀನುದಾರರೂ ಕೊಡಬಹುದಾದ ಸಹಾಯ ಅಲ್ಪವೇ: ಅಳತೆಗೆ ಒಂದು ದಿಬ್ಬ, ಊರಿನ ಬಡಗಿ ಹಾಗೂ ಕಮ್ಮಾರರ ಕೈಸಹಾಯ, ಒಂದು ವರ್ಷದ ತಾಳ್ಮೆ. ಗಾಳಿ ಸಾಲದೆಂದು ಲೆಕ್ಕದಿಂದ ಗೊತ್ತಾದಲ್ಲಿ ಕಂಬಕ್ಕೆ ಹಣವಿಡದೆ, ದೀಪಕ್ಕೆ ಸೌರಫಲಕವನ್ನು ಆರಿಸುವುದೇ ವಿವೇಕ. ಹಾಗೆ ಲೆಕ್ಕ ತೋರಿಸಿ ಬೇಡವೆನ್ನಬಲ್ಲ ವಿದ್ಯಾರ್ಥಿಯು ಮುಂದೆ ಊರಿನ ಪಂಪುಸೆಟ್ಟು, ಕೊಳವೆಬಾವಿಗಳ ವಿಚಾರದಲ್ಲಿಯೂ ಕೃಷಿಕರ ಹಣವನ್ನು ಉಳಿಸಬಲ್ಲನು.