ಪ್ಲಗಿನ್ ಲೋಡ್ ಆಗದಿದ್ದಾಗ: ಜಡಿಗೇನಹಳ್ಳಿಯ ರೆಕಾರ್ಡಿಂಗ್ ಕೋಣೆಯಲ್ಲಿ ಕಲಿತದ್ದು

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಸುತ್ತಮುತ್ತ ಸೋಬಾನೆ ಪದ, ಭಜನೆ, ಕೈವಾರ ತಾತಯ್ಯನವರ ಕನ್ನಡ-ತೆಲುಗು ಕೀರ್ತನೆಗಳನ್ನು ರೆಕಾರ್ಡ್ ಮಾಡುವುದು ನನ್ನ ಕೆಲಸ. ಹಾಡುವವರು ಹೆಚ್ಚಾಗಿ ಹಿರಿಯರು. ಫ್ಯಾನಿನ ಗುಂಯ್ ಸದ್ದು, ರಸ್ತೆಯ ಲಾರಿ ಸದ್ದು ಕಳೆದು ಅವರ ದನಿಯನ್ನು ಹೊರತರಲು ಅಡಾಸಿಟಿ, ಆರ್ಡೋರ್, ರೀಪರ್ ಎಂಬ ಧ್ವನಿ ತಂತ್ರಾಂಶಗಳಿಗೆ ಪ್ಲಗಿನ್ ಬೇಕು. ಅದು ಲೋಡ್ ಆಗದಿದ್ದರೆ ಇಡೀ ಕೆಲಸ ನಿಲ್ಲುತ್ತದೆ.

1. ಅಳಿಸಿ ಮತ್ತೆ ಹಾಕುವ ಮೊದಲು ಕಾರಣ ಕೇಳಿ.

ತಂತ್ರಾಂಶದ ಪರದೆ ‘ಲೋಡ್ ಆಗಲಿಲ್ಲ’ ಎಂದಷ್ಟೇ ಹೇಳುತ್ತದೆ. ಲಿನಕ್ಸ್‌ನಲ್ಲಿ ಅದೇ ತಂತ್ರಾಂಶವನ್ನು ಟರ್ಮಿನಲ್‌ನಿಂದ ತೆರೆದರೆ ನಿಜವಾದ ಕಾರಣ ಬಹಳ ಸಲ ಅಲ್ಲೇ ಮೂಡುತ್ತದೆ. ವಿಂಡೋಸ್ ಸಂಖ್ಯೆಯಲ್ಲಿ ಮಾತಾಡುತ್ತದೆ. 126 ಎಂದರೆ ಬೇಕಾದ ಕಡತ ಸಿಗಲಿಲ್ಲ. 127 ಎಂದರೆ ಕಡತವಿದೆ, ಅದರೊಳಗಿನ ಫಂಕ್ಷನ್ ಇಲ್ಲ. 193 ಬಂದರೆ ಸಾಮಾನ್ಯವಾಗಿ 32 ಬಿಟ್, 64 ಬಿಟ್ ಅದಲುಬದಲಾಗಿರುತ್ತದೆ, ಇಲ್ಲವೇ ಕಡತ ಕೆಟ್ಟಿರುತ್ತದೆ. ಈ ಮೂರು ಸಂಖ್ಯೆಗಳನ್ನು ನಮ್ಮ ಗೋಡೆಗೆ ಅಂಟಿಸಿದ್ದೇವೆ.

2. ಕಾಣೆಯಾಗಿರುವುದು ಪ್ಲಗಿನ್ ಅಲ್ಲ, ಅದರ ಜೊತೆಗಾರ.

ಇದೇ ಎಲ್ಲರನ್ನೂ ಹೆಚ್ಚು ಕಾಡುವುದು. ಫೋಲ್ಡರಿನಲ್ಲಿ ಪ್ಲಗಿನ್ ಕಣ್ಣೆದುರೇ ಇರುತ್ತದೆ, ಗಣಕ ಮಾತ್ರ ‘ಸಿಗಲಿಲ್ಲ’ ಎನ್ನುತ್ತದೆ. ಕಂಪೈಲ್ ಆದ ಪ್ಲಗಿನ್ ಒಂಟಿಯಾಗಿ ನಡೆಯುವುದು ಕಡಿಮೆ. ಬೇರೆ ಲೈಬ್ರರಿಗಳನ್ನು ಕರೆದುಕೊಂಡೇ ಬರಬೇಕು. ಅವುಗಳಲ್ಲಿ ಒಂದು ಇಲ್ಲದಿದ್ದರೂ ಪ್ಲಗಿನ್ ಏಳುವುದಿಲ್ಲ. ಲಿನಕ್ಸ್‌ನಲ್ಲಿ ಎಲ್‌ಡಿಡಿ ಆಜ್ಞೆ ಕೊಟ್ಟರೆ ಪಟ್ಟಿಯೇ ಬರುತ್ತದೆ, ಇಲ್ಲದ ಲೈಬ್ರರಿಯ ಎದುರು ‘ನಾಟ್ ಫೌಂಡ್’ ಎಂದಿರುತ್ತದೆ. ಆದರೆ ಗುರುತಿಲ್ಲದವರು ಕೊಟ್ಟ ಕಡತದ ಮೇಲೆ ಎಲ್‌ಡಿಡಿ ಬಳಸಬೇಡಿ. ಅದು ಕಡತದೊಳಗಿನ ಕೋಡನ್ನೇ ನಡೆಸಿಬಿಡುವ ಸಂಭವವಿದೆ. ಅಂಥ ಕಡೆ ಆಬ್ಜ್‌ಡಂಪ್ ಸುರಕ್ಷಿತ. ವಿಂಡೋಸ್‌ನಲ್ಲಿ ಪದೇ ಪದೇ ಕಾಣೆಯಾಗುವುದು ಎಂಎಸ್‌ವಿಸಿಪಿ140 ಎಂಬ ಡಿಎಲ್‌ಎಲ್. ಅದನ್ನು ಸಿಕ್ಕ ಸಿಕ್ಕ ತಾಣದಿಂದ ಇಳಿಸಿಕೊಳ್ಳದೆ, ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಹಾಕಿ. ಪ್ಲಗಿನ್ 64 ಬಿಟ್ ಆಗಿದ್ದರೆ ಇದೂ 64 ಬಿಟ್‌ನದೇ ಇರಬೇಕು.

3. ಬಿಟ್ ಮತ್ತು ಪ್ರೊಸೆಸರ್ ಹೊಂದಬೇಕು.

ಲಿನಕ್ಸ್‌ನ ಫೈಲ್ ಆಜ್ಞೆ ಕಡತ ಎಷ್ಟು ಬಿಟ್‌ನದು, ಯಾವ ಪ್ರೊಸೆಸರಿನದು ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ವಿಂಡೋಸ್‌ನಲ್ಲಿ ರೀಪರ್ 32 ಬಿಟ್ ಪ್ಲಗಿನ್ನಿಗೆ ಸೇತುವೆ ಕಟ್ಟಿಕೊಡುತ್ತದೆ; ಎಲ್ಲ ತಂತ್ರಾಂಶಗಳೂ ಕೊಡುವುದಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ 32 ಬಿಟ್ ಮುಗಿದ ಅಧ್ಯಾಯ.

4. ಪ್ಲಗಿನ್‌ನ ಜಾತಿ ತಿಳಿಯಿರಿ.

ಅಡಾಸಿಟಿ ವಿಎಸ್‌ಟಿ3 ಜಾತಿಯ ಎಫೆಕ್ಟ್‌ಗಳನ್ನು ಒಪ್ಪಿಕೊಂಡಿದ್ದು 2022ರ 3.2 ಆವೃತ್ತಿಯಿಂದ, ಅದಕ್ಕಿಂತ ಹಳೆಯದರಲ್ಲಿ ಎಷ್ಟು ಹುಡುಕಿದರೂ ಅವು ಕಾಣವು. ಲ್ಯಾಡ್‌ಸ್ಪಾ ಜಾತಿಯ ಪ್ಲಗಿನ್ ಆಗಿದ್ದರೆ ಒಳಗೆ ‘ಲ್ಯಾಡ್‌ಸ್ಪಾ ಡಿಸ್ಕ್ರಿಪ್ಟರ್’ ಎಂಬ ಫಂಕ್ಷನ್ ಹೊರಗೆ ಕಾಣುವಂತಿರಬೇಕು. ಸಿ++ನಲ್ಲಿ ಬರೆಯುವವರು ‘ಎಕ್ಸ್‌ಟರ್ನ್ ಸಿ’ ಎಂದು ಸೇರಿಸದಿದ್ದರೆ ಕಂಪೈಲರ್ ಆ ಹೆಸರನ್ನೇ ತಿರುಚಿಬಿಡುತ್ತದೆ. ಆಗ ಪ್ಲಗಿನ್ ತಪ್ಪಿಲ್ಲದೆ ಕಂಪೈಲ್ ಆದರೂ ಅಡಾಸಿಟಿಗೆ ಗುರುತು ಸಿಗುವುದಿಲ್ಲ. ಎನ್‌ಎಂ ಆಜ್ಞೆಯಿಂದ ಹೆಸರು ನೋಡಿಕೊಳ್ಳಿ.

5. ಹೊಸ ಗಣಕದಲ್ಲಿ ಕಟ್ಟಿದ್ದು ಹಳೆಯದರಲ್ಲಿ ನಡೆಯದಿರಬಹುದು.

ಹಳ್ಳಿಯ ಶಾಲೆ, ಭಜನೆ ಮಂಡಳಿಗಳಲ್ಲಿರುವುದು ಹಳೆಯ ಗಣಕಗಳು. ಹೊಸ ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದ ಪ್ಲಗಿನ್ ಅಲ್ಲಿ ‘ಗ್ಲಿಬ್‌ಸಿ ಆವೃತ್ತಿ ಇಲ್ಲ’ ಎಂದು ಹಟ ಹಿಡಿಯಬಹುದು; ಗ್ಲಿಬ್‌ಸಿ ಎಂದರೆ ಲಿನಕ್ಸ್‌ನ ಮೂಲ ಲೈಬ್ರರಿ. ದಯವಿಟ್ಟು ಹಳೆಯ ಗ್ಲಿಬ್‌ಸಿಯನ್ನು ಕಿತ್ತು ಹೊಸದನ್ನು ತುರುಕಬೇಡಿ, ಇಡೀ ಗಣಕವೇ ಮಲಗುತ್ತದೆ. ಯಾವ ಗಣಕ ಎಲ್ಲಕ್ಕಿಂತ ಹಳೆಯದೋ ಅದರಲ್ಲೇ ಕಂಪೈಲ್ ಮಾಡಿ. ಕಂಪೈಲರಿನ ‘ಮಾರ್ಚ್ ನೇಟಿವ್’ ಆಯ್ಕೆಯನ್ನೂ ಬಿಡಿ. ಅದು ನಿಮ್ಮ ಪ್ರೊಸೆಸರಿಗೆ ಹೊಲಿದ ಅಂಗಿ. ಇನ್ನೊಬ್ಬರ ಗಣಕದಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ತಂತ್ರಾಂಶವೇ ಮುಚ್ಚಿಹೋಗಬಹುದು.

6. ಲಿನಕ್ಸ್‌ನಲ್ಲಿ ಫ್ಲಾಟ್‌ಪ್ಯಾಕ್ ರೂಪದಲ್ಲಿ ಹಾಕಿದ ತಂತ್ರಾಂಶಕ್ಕೆ ನಿಮ್ಮ ಗಣಕದ ಲ್ಯಾಡ್‌ಸ್ಪಾ ಫೋಲ್ಡರ್ ಸಾಮಾನ್ಯವಾಗಿ ಕಾಣುವುದಿಲ್ಲ. ಪ್ಲಗಿನ್‌ಗಳನ್ನೂ ಫ್ಲಾಟ್‌ಪ್ಯಾಕ್ ರೂಪದಲ್ಲೇ ಸೇರಿಸಬೇಕು.

7. ಸರಿಪಡಿಸಿದ ಮೇಲೂ ಬರದಿದ್ದರೆ ಹಳೆಯ ನೆನಪು ಅಳಿಸಿ.

ಒಮ್ಮೆ ಸೋತ ಪ್ಲಗಿನ್ನನ್ನು ಕೆಲವು ತಂತ್ರಾಂಶಗಳು ನೆನಪಿಟ್ಟುಕೊಂಡು ಮತ್ತೆ ತಿರುಗಿಯೂ ನೋಡುವುದಿಲ್ಲ. ರೀಪರ್‌ನಲ್ಲಿ ಕ್ಯಾಶ್ ತೆರವು ಮಾಡಿ ಮತ್ತೆ ಸ್ಕ್ಯಾನ್ ಮಾಡಿಸಿ.

8. ಎಫೆಕ್ಟ್ ಹಾಕದ ಮೂಲ ದನಿಯನ್ನು ವೇವ್ ಕಡತವಾಗಿ ಬೇರೆಯೇ ಇಡಿ.

ಪ್ಲಗಿನ್‌ಗೆ ಆಯಸ್ಸಿದೆ. ವಿಎಸ್‌ಟಿ2 ಕಟ್ಟುವ ಸಾಮಗ್ರಿಯನ್ನು ಸ್ಟೈನ್‌ಬರ್ಗ್ ಕಂಪನಿ 2018ರಲ್ಲಿ ಹಂಚುವುದನ್ನೇ ನಿಲ್ಲಿಸಿತು. ಹಾಡಿದ ಅಜ್ಜಿಯನ್ನು ಮತ್ತೊಮ್ಮೆ ಕೂರಿಸಿ ಹಾಡಿಸಲು ಎಲ್ಲ ಸಲ ಆಗುವುದಿಲ್ಲ.

ಬೆಂಗಳೂರಿನಲ್ಲಿ ಕುಳಿತು ಪ್ಲಗಿನ್ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಕಡತದ ಜೊತೆ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕೊಡಿ: ಎಷ್ಟು ಬಿಟ್, ಯಾವ ವ್ಯವಸ್ಥೆಯಲ್ಲಿ ಕಂಪೈಲ್ ಆದದ್ದು, ಯಾವ ಲೈಬ್ರರಿ ಬೇಕು, ಯಾವ ಫೋಲ್ಡರಿನಲ್ಲಿ ಇಡಬೇಕು.