ವರ್ಡ್‌ನಿಂದ ಲೇಟೆಕ್‌ಗೆ: ಕೋಟ್‌ಗಳು ಕಲಿಸಿದ ಪಾಠಗಳು

ಪಿಎಚ್.ಡಿ. ಪ್ರಬಂಧಗಳು, ಸಂಶೋಧನಾ ಲೇಖನಗಳು, ಕನ್ನಡ-ಇಂಗ್ಲಿಷ್ ಎರಡೂ ಬೆರೆತ ಪುಸ್ತಕಗಳು. ಇವನ್ನು ವರ್ಡ್‌ನಿಂದ ಲೇಟೆಕ್‌ಗೆ ತರುವುದು ನನ್ನ ಕೆಲಸ. ಇದರಲ್ಲಿ ಹೆಚ್ಚು ಹೊತ್ತು ಬೇಡುವುದು ಕೋಷ್ಟಕವಲ್ಲ, ಅಡಿಟಿಪ್ಪಣಿಯಲ್ಲ, ಉದ್ಧರಣ ಚಿಹ್ನೆ. ಇನ್ನೊಬ್ಬರ ಮಾತು ಎಲ್ಲಿ ಮುಗಿಯಿತು, ಲೇಖಕರ ಮಾತು ಎಲ್ಲಿ ಶುರುವಾಯಿತು ಎಂದು ಓದುವವರಿಗೆ ಹೇಳುವುದು ಅದೊಂದೇ. ಮುಚ್ಚುವ ಕೋಟ್ ಬಿದ್ದುಹೋದರೆ ಸಂಶೋಧಕಿಯ ಸ್ವಂತ ವಿಮರ್ಶೆ ಮೂಲ ಲೇಖಕರ ಖಾತೆಗೆ ಹೋಗುತ್ತದೆ. ಓರೆ ಅಕ್ಷರ ನಮ್ಮ ಲಿಪಿಗೆ ಅಷ್ಟಾಗಿ ಒಗ್ಗದ ಕಾರಣ ಕೃತಿಗಳ ಹೆಸರನ್ನೂ ಕೋಟ್‌ನಲ್ಲೇ ಇಡುತ್ತೇವೆ. ಆದ್ದರಿಂದ ಕನ್ನಡ ಪುಟದಲ್ಲಿ ಅವುಗಳ ಮೇಲಿನ ಹೊರೆ ಇನ್ನೂ ಹೆಚ್ಚು.

1. ಕೈ ಹಾಕುವ ಮುನ್ನ ಕಡತದಲ್ಲಿ ಏನೇನಿದೆ ನೋಡಿ. ಒಂದೇ ಪ್ರಬಂಧದಲ್ಲಿ ಕೀಲಿಮಣೆಯ ನೆಟ್ಟನೆಯ ಕೋಟ್ ("), ವರ್ಡ್ ತಾನಾಗಿ ಬಾಗಿಸಿದ ಜೋಡಿ (“ ”), ಎರಡು ಒಂಟಿ ಕೋಟ್ ಒತ್ತಿ ಮಾಡಿದ ಜೋಡಿ (''), ಎಲ್ಲವೂ ಸಿಗುತ್ತವೆ. ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸ ಸುಲಭವಾಗಿ ಕಾಣದು. ಎಡಿಟರ್‌ನಲ್ಲಿ ಸಂಕೇತ ಸಂಖ್ಯೆ ತೆರೆದು ನೋಡಬೇಕು. ನೆಟ್ಟನೆಯದು ಯೂನಿಕೋಡ್‌ನಲ್ಲಿ 0022, ಬಾಗಿದ ಒಂಟಿಗಳು 2018 ಮತ್ತು 2019, ಜೋಡಿಗಳು 201ಸಿ ಮತ್ತು 201ಡಿ. ತೆರೆಯುವವು ಎಷ್ಟು, ಮುಚ್ಚುವವು ಎಷ್ಟು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಲೆಕ್ಕ ಸರಿಹೋಗದಿದ್ದರೆ ತಪ್ಪು ಮೂಲದಲ್ಲೇ ಇರಬಹುದು, ಲೇಖಕರನ್ನು ಕೇಳಿ. ಹಲವು ಪ್ಯಾರಾಗಳ ಉದ್ಧರಣೆಯಲ್ಲಿ ಪ್ರತಿ ಪ್ಯಾರಾವೂ ಕೋಟ್‌ನಿಂದ ಶುರುವಾಗಿ ಕೊನೆಯದು ಮಾತ್ರ ಮುಚ್ಚುವ ರೂಢಿಯೂ ಇದೆ ಎಂಬುದು ನೆನಪಿರಲಿ.

2. ನೆಟ್ಟನೆಯ ಕೋಟ್‌ಗೆ ದಿಕ್ಕಿಲ್ಲ. ಲೇಟೆಕ್‌ನಲ್ಲಿ ತೆರೆಯಲು `` ಮುಚ್ಚಲು '' ಎಂದು ಬರೆಯುವುದು ಪದ್ಧತಿ. ನೆಟ್ಟನೆಯದನ್ನು ಹಾಗೇ ಬಿಟ್ಟರೆ ಹಳೆಯ ಒಟಿ1 ಫಾಂಟ್ ಸಂಕೇತದಲ್ಲಿ ಎರಡೂ ತುದಿಗೆ ಮುಚ್ಚುವ ಕೋಟ್ ಬೀಳುತ್ತದೆ. ಟಿ1 ಸಂಕೇತದಲ್ಲಿ ನೆಟ್ಟಗೆ ಅಚ್ಚಾಗುತ್ತದೆ. ಅದೇ ಪಠ್ಯ ವಿಶ್ವವಿದ್ಯಾಲಯದ ಟೆಂಪ್ಲೇಟಿನಲ್ಲಿ ಒಂದು ಥರ, ಪತ್ರಿಕೆಯ ಟೆಂಪ್ಲೇಟಿನಲ್ಲಿ ಇನ್ನೊಂದು ಥರ ಕಾಣುವುದಕ್ಕೆ ಕಾರಣ ಇದೇ.

3. ಗೀಚು ಅಕ್ಷರಗಳನ್ನು ಹುಡುಕಿ ಬದಲಿಸುತ್ತ ಕೂರಬೇಡಿ. ಕೋಟ್ ಇದ್ದ ಕಡೆ ಟೊಪ್ಪಿ ಹೊತ್ತ ಒಂದು ಇಂಗ್ಲಿಷ್ ಅಕ್ಷರ, ಯೂರೋ ಚಿಹ್ನೆ, ಇನ್ನೇನೋ ಒಂದು ಬಂದರೆ ಯುಟಿಎಫ್-8 ಕಡತವನ್ನು ಯಾವುದೋ ಹಂತದಲ್ಲಿ ವಿಂಡೋಸ್-1252 ಎಂದು ಓದಲಾಗಿದೆ. ಬಾಗಿದ ಪ್ರತಿ ಕೋಟ್ ಯುಟಿಎಫ್-8ರಲ್ಲಿ 3 ಬೈಟ್. ಮುಚ್ಚುವ ಜೋಡಿಯ ಮೂರನೆಯ ಬೈಟ್‌ಗೆ ವಿಂಡೋಸ್-1252ರಲ್ಲಿ ಯಾವ ಅಕ್ಷರವೂ ಇಲ್ಲ. ಅದು ದಾರಿಯಲ್ಲೇ ಕಳೆದುಹೋಗಿರಬಹುದು. ಹಾಗಾಗಿ ಮೂಲ ಕಡತಕ್ಕೇ ಹಿಂತಿರುಗಿ ಸರಿಯಾದ ಸಂಕೇತದಲ್ಲಿ ಮತ್ತೆ ಪರಿವರ್ತಿಸುವುದೇ ಕ್ಷೇಮ. 2018ರ ಏಪ್ರಿಲ್‌ನಿಂದ ಲೇಟೆಕ್ ಯುಟಿಎಫ್-8 ಎಂದೇ ಎಣಿಸಿ ಓದುತ್ತದೆ. ಅದಕ್ಕೂ ಹಿಂದಿನ ಟೆಂಪ್ಲೇಟುಗಳಲ್ಲಿ ಲ್ಯಾಟಿನ್-1 ಎಂದು ಸೂಚಿಸುವ ಸಾಲು ಉಳಿದಿದ್ದರೆ ತೆಗೆದುಹಾಕಿ.

4. ಕನ್ನಡದ ಸಾಲಿನಲ್ಲಿ ಮಾತ್ರ `` ಹಾಗೇ ಅಚ್ಚಾದರೆ ಫಾಂಟ್ ಘೋಷಣೆ ನೋಡಿ. ಕನ್ನಡಕ್ಕೆ ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು. ಫಾಂಟ್‌ಸ್ಪೆಕ್ ಪ್ಯಾಕೇಜ್ ಮುಖ್ಯ ಫಾಂಟ್‌ಗೆ ಟೆಕ್ ಲಿಗೇಚರ್ ಸೌಲಭ್ಯವನ್ನು (`` ಅನ್ನು ಬಾಗಿದ ಕೋಟ್ ಆಗಿಸುವುದು ಇದೇ) ತಾನಾಗಿ ಕೊಡುತ್ತದೆ. ಆದರೆ ನಾವು ಬೇರೆಯಾಗಿ ಸೇರಿಸುವ ಕನ್ನಡ ಫಾಂಟ್ ಕುಟುಂಬಕ್ಕೆ ಕೊಡುವುದಿಲ್ಲ. ಇಂಗ್ಲಿಷ್ ಪ್ಯಾರಾ ಚೆನ್ನಾಗಿದ್ದು ಕನ್ನಡ ಪ್ಯಾರಾ ಮಾತ್ರ ಕೆಡುವುದು ಅದರಿಂದ. ಆ ಆಯ್ಕೆಯನ್ನು ಕೈಯಿಂದ ಸೇರಿಸಿದರೆ ಸರಿಹೋಗುತ್ತದೆ. ನನಗೆ ಇನ್ನೂ ಒಳ್ಳೆಯದೆನಿಸಿದ ದಾರಿ ಬಾಗಿದ ಯೂನಿಕೋಡ್ ಕೋಟ್‌ಗಳನ್ನು ಮೂಲದಲ್ಲೇ ಉಳಿಸಿಕೊಳ್ಳುವುದು. ಆದರೆ ವರ್ಡ್ ಕಡತವನ್ನು ಲೇಟೆಕ್‌ಗೆ ಪರಿವರ್ತಿಸುವ ಪ್ಯಾನ್‌ಡಾಕ್ ಅವನ್ನು ತಾನಾಗಿ `` '' ಎಂದು ಬದಲಿಸುತ್ತದೆ. ಲೇಟೆಕ್ ಎಂಬ ಗುರಿಯ ಹೆಸರಿಗೆ ಮೈನಸ್ ಚಿಹ್ನೆ ಹಚ್ಚಿ ‘ಸ್ಮಾರ್ಟ್’ ಎಂದು ಬರೆದರೆ ಇದ್ದುದನ್ನು ಇದ್ದಂತೆ ಬಿಡುತ್ತದೆ. ಆಮೇಲೆ ಲಾಗ್ ಕಡತದಲ್ಲಿ ಅಕ್ಷರ ಇಲ್ಲವೆಂಬ ಎಚ್ಚರಿಕೆ ಇದೆಯೇ ಎಂದು ತಪ್ಪದೆ ನೋಡಿ. ಫಾಂಟ್‌ನಲ್ಲಿ ಬಾಗಿದ ಕೋಟ್ ಇಲ್ಲದಿದ್ದರೆ ಟೆಕ್ ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಪುಟ ಸಿದ್ಧವಾಗುತ್ತದೆ, ಉದ್ಧರಣೆ ಮಾತ್ರ ಲೇಖಕರ ಮಾತಿನಲ್ಲಿ ಕರಗಿಹೋಗಿರುತ್ತದೆ.

5. ಇಂಗ್ಲಿಷಿಗೆಂದು ಬರೆದ ನಿಯಮ ಕನ್ನಡದ ವಿಭಕ್ತಿಯ ಮುಂದೆ ಸೋಲುತ್ತದೆ. ನಾವು ‘ಚೋಮನ ದುಡಿ’ಯಲ್ಲಿ, ‘ಸಂಸ್ಕಾರ’ದ ಎಂದು ಬರೆಯುವವರು. ಮುಚ್ಚುವ ಕೋಟ್‌ಗೆ ಅಂಟಿಕೊಂಡೇ ಪ್ರತ್ಯಯ ಬರುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿ ಸಾಮಾನ್ಯವಾಗಿ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಇರುತ್ತದೆ. ‘ಮುಂದೆ ಅಕ್ಷರವಿದ್ದರೆ ತೆರೆಯುವ ಕೋಟ್’ ಎಂಬ ನಿಯಮದ ಸ್ಕ್ರಿಪ್ಟ್ ಓಡಿಸಿದರೆ ಇಂಥ ಕಡೆಗಳಲ್ಲೆಲ್ಲ ತೆರೆಯುವ ಕೋಟ್ ಎರಡೆರಡು. ಮಾರ್ಕ್‌ಡೌನ್ ಮೂಲಕ ಹಾದುಬರುವ ಕಡತದಲ್ಲಿ ಒಂಟಿ ಕೋಟ್‌ಗೆ ಬೇರೆ ಪಾಡು: ಮುಂದೆಯೇ ಅಕ್ಷರ ಇರುವುದರಿಂದ ಅದನ್ನು ಪ್ಯಾನ್‌ಡಾಕ್ ಅಪಾಸ್ಟ್ರಫಿ ಎಂದು ತಿಳಿಯುತ್ತದೆ. ಜೊತೆ ಸಿಗದ ತೆರೆಯುವ ಕೋಟ್ ಕೂಡ ಮುಚ್ಚುವುದಾಗಿ ತಿರುಗುತ್ತದೆ. ಆದ್ದರಿಂದ ಕನ್ನಡಕ್ಕೆ ಎಡಗಡೆ ನೋಡುವ ನಿಯಮ ಬೇಕು. ಎಡಕ್ಕೆ ಖಾಲಿ ಜಾಗ, ಸಾಲಿನ ಆರಂಭ, ತೆರೆದ ಆವರಣ ಅಥವಾ ಇನ್ನೊಂದು ತೆರೆದ ಕೋಟ್ ಇದ್ದರೆ ಅದು ತೆರೆಯುವುದು, ಉಳಿದದ್ದೆಲ್ಲ ಮುಚ್ಚುವುದು. ಅಡ್ಡಗೆರೆಯ ಪಕ್ಕದವನ್ನು ಮಾತ್ರ ಕಣ್ಣಾರೆ ನೋಡಿ ತೀರ್ಮಾನಿಸಿ, ಕಥೆಗಳ ಸಂಭಾಷಣೆಯಲ್ಲಿ ಅರ್ಧಕ್ಕೆ ನಿಂತ ಮಾತು ಹಾಗೆ ಮುಗಿಯುವುದುಂಟು.

6. ’70ರ ದಶಕ. ಇಲ್ಲಿ ಬೇಕಾದದ್ದು ಅಪಾಸ್ಟ್ರಫಿ. ವರ್ಡ್ ತೆರೆಯುವ ಕೋಟ್ ಹಾಕಿರುತ್ತದೆ. ತೆರೆಯುವ ಒಂಟಿ ಕೋಟ್‌ನ ಮುಂದೆಯೇ ಅಂಕಿ ಬಂದಿರುವ ಜಾಗಗಳನ್ನು ಹುಡುಕಿ, ಒಂದೊಂದಾಗಿ ತಿದ್ದಿ.

7. ನುಡಿ, ಬರಹದ ಹಳೆಯ ಕಡತವಾದರೆ ಯೂನಿಕೋಡ್‌ಗೆ ತಂದ ಮೇಲೇ ಕೋಟ್ ಮುಟ್ಟಿ. ಆ ಆಸ್ಕಿ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕುಳಿತಿರುತ್ತವೆ. ಮೊದಲೇ ಸಗಟಾಗಿ ಬದಲಿಸಿ ಒತ್ತಕ್ಷರವೋ ಸ್ವರಚಿಹ್ನೆಯೋ ಕೆಟ್ಟರೆ ಆಮೇಲೆ ಹುಡುಕುವುದು ಬಲು ಕಷ್ಟ.

8. ಪ್ರೋಗ್ರಾಂ ಸಾಲುಗಳನ್ನು ಸಗಟು ಬದಲಾವಣೆಯಿಂದ ಹೊರಗಿಡಿ. ಅಲ್ಲಿ ನೆಟ್ಟನೆಯ ಕೋಟೇ ಸರಿ. ವರ್ಡ್ ಬಾಗಿಸಿಬಿಟ್ಟ ಪೈಥಾನ್ ಸಾಲನ್ನು ವಿದ್ಯಾರ್ಥಿ ಪುಸ್ತಕದಿಂದ ನಕಲಿಸಿದರೆ ಅದು ಓಡುವುದಿಲ್ಲ. ಅಚ್ಚಿನಲ್ಲೂ ನೆಟ್ಟಗೆ ಉಳಿಯಲು ಅಪ್‌ಕೋಟ್ ಪ್ಯಾಕೇಜ್ ಇದೆ.

9. ಕೋಟ್‌ನೊಳಗೆ ಕೋಟ್ ಬಂದಾಗ ತುದಿಯಲ್ಲಿ ''' ಎಂದು ಮೂರು ಒತ್ತಬೇಡಿ. ಟೆಕ್ ಮೊದಲ ಎರಡನ್ನು ಜೋಡಿಯಾಗಿ ಓದಿ ಒಂಟಿಯನ್ನು ಹೊರಗೆ ತಳ್ಳುತ್ತದೆ. ಒಳಗಿನ ಮಾತು ಹೊರಗಿನದಕ್ಕಿಂತ ತಡವಾಗಿ ಮುಗಿದಂತಾಗುತ್ತದೆ. ಒಂಟಿಗೂ ಜೋಡಿಗೂ ನಡುವೆ ಕಿರು ಅಂತರದ ಆಜ್ಞೆ ಹಾಕಿ. ಉದ್ಧರಣೆಗಳೇ ತುಂಬಿದ ಸಾಹಿತ್ಯ ವಿಮರ್ಶೆ, ಇತಿಹಾಸದ ಪ್ರಬಂಧಗಳಲ್ಲಿ ನಾನು ಸಿಎಸ್‌ಕೋಟ್ಸ್ ಪ್ಯಾಕೇಜಿನ ಎನ್‌ಕೋಟ್ ಆಜ್ಞೆ ಬಳಸುತ್ತೇನೆ. ಹೊರಗಿನದು ಜೋಡಿ, ಒಳಗಿನದು ಒಂಟಿ ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಪ್ರಕಾಶಕರು ತಿರುವುಮುರುವು ಬೇಕೆಂದರೆ ಒಂದು ಆಯ್ಕೆ ಬದಲಿಸಿದರೆ ಸಾಕು. ಪರಿವರ್ತಿಸುವಾಗ ಇದಕ್ಕೆ ಹೆಚ್ಚು ಶ್ರಮ ಬೇಕು ನಿಜ, ಆದರೆ ಎನ್‌ಕೋಟ್‌ಗೆ ಪುಷ್ಪಾವರಣ ಮುಚ್ಚದಿದ್ದರೆ ಲೇಟೆಕ್ ದೋಷ ತೋರಿಸಿ ನಿಲ್ಲುತ್ತದೆ. ಬರಿಯ ” ಬಿದ್ದುಹೋದರೆ ಯಾವ ದೂರೂ ಬರುವುದಿಲ್ಲ.