ಆಟೋಮ್ಯಾಟಿಕ್ ಜೀಪಿಗೆ ಟ್ರೈಲರ್ ಕಟ್ಟುವಾಗ ಗೇರ್ ಎಣ್ಣೆಯ ಬಿಸಿ

ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಜೀಪುಗಳು ಈಗ ನಮ್ಮ ತೋಟಗಳಿಗೂ ಬಂದಿವೆ. ಇವಕ್ಕೆ ಕಾಫಿ ಹಣ್ಣಿನ ಅಥವಾ ಅಡಿಕೆ ಗೊನೆಯ ಟ್ರೈಲರ್ ಕಟ್ಟಿ ಏರು ಹತ್ತಿಸುವ ಸದಸ್ಯರಿಗಾಗಿ ಈ ಪಾಠ.

ಟಾರ್ಕ್ ಕನ್ವರ್ಟರ್ ಇರುವ ವಾಹನದಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರಿಗೆ ದಾಟುತ್ತದೆ. ಹೊರೆ ಹೆಚ್ಚಿ ವೇಗ ತಗ್ಗಿದಾಗ ಎಂಜಿನ್ ತಿರುಗಿದಷ್ಟು ಗೇರ್ ತಿರುಗುವುದಿಲ್ಲ. ಹೀಗೆ ಪೋಲಾದ ಬಲವೆಲ್ಲ ಶಾಖವಾಗಿ ಎಣ್ಣೆಗೆ ಸೇರುತ್ತದೆ. ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರುವ ಎಣ್ಣೆ 120 ದಾಟಿ ಬಹಳ ಹೊತ್ತು ಉಳಿದರೆ ಬೇಗ ಕೆಡುತ್ತದೆ. ಸೀಲುಗಳು ಗಟ್ಟಿಯಾಗುತ್ತವೆ, ಒಳಗಿನ ಕ್ಲಚ್ ತಟ್ಟೆಗಳು ಸುಡುತ್ತವೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಇದನ್ನು ತೋರಿಸುವುದಿಲ್ಲ. ಆದ್ದರಿಂದ ನಾವು ಈ ಕ್ರಮಗಳನ್ನು ಪಾಲಿಸೋಣ:

1. ತಯಾರಕರು ಹೇಳಿದ ಭಾರ ಮೀರಬಾರದು. ಹೆಚ್ಚಿದ್ದರೆ ಎರಡು ಸಲ ಹೊಡೆಯೋಣ.

2. ಏರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಬೇಕು. ಕಡಿದಾದ ಮಣ್ಣು ದಾರಿಯಲ್ಲಿ ಫೋರ್ ವೀಲ್ ಲೋ ಬಳಸಬೇಕು.

3. ಏರಿನಲ್ಲಿ ನಿಂತಾಗ ಬ್ರೇಕ್ ಹಿಡಿಯಬೇಕೇ ಹೊರತು ಆಕ್ಸಿಲರೇಟರ್ ಒತ್ತಿ ವಾಹನ ತಡೆದಿರಬಾರದು.

4. ಗೇರ್ ಬಿಸಿಯ ಎಚ್ಚರಿಕೆ ಬಂದರೆ ಸಮತಟ್ಟಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಬೇಕು. ಎಂಜಿನ್ ಆರಿಸಬಾರದು, ಅದು ಓಡುತ್ತಿದ್ದರಷ್ಟೇ ಪಂಪು ಎಣ್ಣೆಯನ್ನು ಕೂಲರಿಗೆ ಕಳಿಸುತ್ತದೆ.

5. ರೇಡಿಯೇಟರ್, ಕೂಲರ್ ಮೇಲಿನ ಕೆಸರು ತೊಳೆದಿರಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕೂಡಲೇ ಮೆಕ್ಯಾನಿಕ್‌ಗೆ ತೋರಿಸಬೇಕು.

ಎಣ್ಣೆ ಬದಲಿಸುವ ಖರ್ಚು ಅಲ್ಪ. ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚು ಸಣ್ಣ ಹಿಡುವಳಿಯ ಒಂದು ಹಂಗಾಮಿನ ಉಳಿತಾಯವನ್ನೇ ನುಂಗಬಹುದು.